ಹೊಲಿಗೆ ಬಿಚ್ಚಲು ಮೇಜಿಗೆ ಕಚ್ಚಿಸುವ ಸಾಧನ: ಬಳಸಿದವರು ಇದ್ದೀರಾ?

ಶಿರಾಗೇಟ್ ಹೊಲಿಗೆಮನೆ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಶಿರಾಗೇಟ್ ಬಳಿ ಮನೆಯಲ್ಲಿಯೇ 19 ವರ್ಷಗಳಿಂದ ರವಿಕೆ, ಚೂಡಿದಾರ್ ಮತ್ತು ಶಾಲೆಯ ಸಮವಸ್ತ್ರಗಳನ್ನು ಹೊಲಿಯುತ್ತಿದ್ದೇನೆ. ಹೊಲಿಯುವುದರಲ್ಲಿ ನನಗೆ ಇಂದಿಗೂ ಬೇಸರವಿಲ್ಲ, ಬಿಚ್ಚುವ ಕೆಲಸವೇ ಈಗ ಕೈಲಾಗುತ್ತಿಲ್ಲ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ ಹಬ್ಬದ ಹೊಸ ರವಿಕೆಗಳ ಜೊತೆಗೆ, "ಹೋದ ವರ್ಷದ್ದು ಬಿಗಿಯಾಗಿದೆ, ಸ್ವಲ್ಪ ಬಿಚ್ಚಿಕೊಡಿ" ಎಂದು ತರುವ ಹಳೆಯವುಗಳೂ ಅಷ್ಟೇ ಇರುತ್ತವೆ.

ಒಂದು ಲೆಕ್ಕ ಹೇಳುತ್ತೇನೆ. ತೋಳಿನ ತುದಿಯಿಂದ ಕಂಕುಳು ದಾಟಿ ಸೊಂಟದವರೆಗೆ ಒಂದು ಪಕ್ಕಕ್ಕೆ ಸುಮಾರು 14 ಅಂಗುಲ. ಅಂಗುಲಕ್ಕೆ 12 ಹೊಲಿಗೆ ಎಂದರೆ 168. ಮುಂದೆ ಸಡಿಲ ಮಾಡಲು ಅನುಕೂಲವಾಗಲೆಂದು ನಾವೇ ಮೂರು ಸಾಲು ಹಾಕಿರುತ್ತೇವೆ. ಒಳಗಿನ ಒಂದು ಸಾಲು ಬಿಚ್ಚಿದರೆ ಸಾಕಾಗುವ ರವಿಕೆಗಳ ಮಾತು ಬೇರೆ. ಲೈನಿಂಗ್ ಬದಲಿಸಬೇಕೆಂದರೆ ಎರಡೂ ಪಕ್ಕದ ಮೂರೂ ಸಾಲು ಬಿಚ್ಚಬೇಕು, ಅಂದರೆ 1008 ಹೊಲಿಗೆ.

ಹೋದ ತಿಂಗಳು ರಾತ್ರಿ ಹತ್ತು ಗಂಟೆಯ ಮೇಲೆ ಒಂದು ರೇಷ್ಮೆ ರವಿಕೆಯ ಬೆನ್ನಿನ ಹುಕ್ಕಿನ ಪಟ್ಟಿ ಬಿಚ್ಚುತ್ತಿದ್ದೆ. ಹೆಬ್ಬೆರಳು ಸೋತು ಬ್ಲೇಡು ಜಾರಿತು. ಸಾಸಿವೆ ಕಾಳಿನಷ್ಟೇ ತೂತು, ಆದರೆ ಅದು ಬೆನ್ನಿನ ಮಧ್ಯದಲ್ಲಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ರವಿಕೆಯವರಿಗೆ ನಿಜ ಹೇಳಿ, ಅವರ ಒಪ್ಪಿಗೆ ಪಡೆದು, ಅಲ್ಲಿ ಮಣಿಗಳ ಸಣ್ಣ ಹೂವೊಂದನ್ನು ಕೂರಿಸಿ ಕೊಟ್ಟೆ. ಕೂಲಿ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಈಚೆಗೆ ಒಂದು ವಿಡಿಯೊದಲ್ಲಿ ಸೀಮ್ ರಿಪ್ಪರನ್ನು (ಹೊಲಿಗೆ ಬಿಚ್ಚುವ ಕವಲು ಮೊನೆಯ ಸಣ್ಣ ಸಾಧನ, ಕವಲಿನ ನಡುವೆ ಅಲಗಿರುತ್ತದೆ) ಕೈಯಲ್ಲಿ ಹಿಡಿಯದೆ, ಮೇಜಿನ ಅಂಚಿಗೆ ಕಚ್ಚಿಸಿದ ಹಿಡಿಕೆಯಲ್ಲಿ ನಿಲ್ಲಿಸಿ, ಬಟ್ಟೆಯನ್ನು ಎರಡೂ ಕೈಗಳಿಂದ ಅಗಲಿಸಿ ಅದರ ಬಾಯಿಗೆ ಕೊಡುವುದನ್ನು ನೋಡಿದೆ. ಹೊಲಿಗೆ ಸರಸರನೆ ಬಿಚ್ಚಿಕೊಳ್ಳುತ್ತಿತ್ತು. ನಮ್ಮ ಕೆಲಸಕ್ಕೆ ಇದು ಆಗಿಬರುವುದೇ? ಬಳಸಿದವರು ದಯವಿಟ್ಟು ತಿಳಿಸಿ.

ಚಿಕ್ಕಪೇಟೆ ಹಳೇ ಟೈಲರ್

ತಾಯಿ, ನಾನು ನಲವತ್ತು ವರ್ಷದಿಂದ ಅರ್ಧ ಬ್ಲೇಡಿನಲ್ಲಿಯೇ ಬಿಚ್ಚುತ್ತಿದ್ದೇನೆ. ಒಂದು ಬ್ಲೇಡನ್ನು ಉದ್ದಕ್ಕೆ ಮುರಿದು, ಒಂದು ತುದಿಗೆ ಬಟ್ಟೆ ಸುತ್ತಿಕೊಂಡರೆ ಮುಗಿಯಿತು. ಬಿಚ್ಚುವ ಕೆಲಸದಲ್ಲಿ ಕಣ್ಣು ಮತ್ತು ಬೆರಳ ತುದಿ ಒಂದೇ ಜಾಗದಲ್ಲಿ ಇರಬೇಕು. ಬ್ಲೇಡನ್ನು ಎಲ್ಲೋ ನಿಲ್ಲಿಸಿ ಬಟ್ಟೆಯನ್ನು ಅದರ ಮೇಲೆ ಎಳೆದರೆ ಏನು ಕೊಯ್ಯುತ್ತಿದೆ ಎಂದು ಕೈಗೆ ತಿಳಿಯುವುದಿಲ್ಲ. ನಿಮ್ಮ ಕೈ ಸೋತಿದ್ದಕ್ಕೆ ಬ್ಲೇಡು ಕಾರಣವಲ್ಲ, ರಾತ್ರಿ ಹತ್ತು ಗಂಟೆ ಕಾರಣ.

ತಿಪಟೂರು ತೆಂಗು

ಹಿರಿಯರ ಮಾತಿಗೆ ನನ್ನ ಸಣ್ಣ ವಿರೋಧವಿದೆ. ನಾನು ದರ್ಜಿಯಲ್ಲ, ನಮ್ಮದು ತೆಂಗಿನ ತೋಟ. ಕಾಯಿ ಸುಲಿಯುವವರು ಹಾರೆಯನ್ನು ನೆಲಕ್ಕೆ ನೆಟ್ಟು ನಿಲ್ಲಿಸಿ, ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮೊನೆಗೆ ಕುಕ್ಕಿ ತಿರುವುತ್ತಾರೆ. ಹಾರೆಯನ್ನು ಕೈಯಲ್ಲಿ ಹಿಡಿದು ಸುಲಿದವರನ್ನು ನಾನು ನೋಡಿಲ್ಲ. ನಮ್ಮ ಅಜ್ಜಿ ಈಳಿಗೆಮಣೆಯನ್ನು ಕಾಲಿನಲ್ಲಿ ಅದುಮಿಕೊಂಡು ಕುಳಿತು, ಎರಡೂ ಕೈಗಳಿಂದ ಹುರುಳಿಕಾಯಿಯ ಹಿಡಿಯನ್ನು ಅಲಗಿಗೆ ಕೊಡುತ್ತಿದ್ದರು. ಕಣ್ಣು ಮಂಜಾದ ಮೇಲೂ ಅವರ ಬೆರಳಿಗೆ ಗಾಯವಾಗಲಿಲ್ಲ, ಏಕೆಂದರೆ ಅಲಗು ಯಾವ ಜಾಗದಲ್ಲಿದೆ ಎಂಬುದು ಅವರಿಗೆ ಯಾವಾಗಲೂ ಗೊತ್ತಿತ್ತು. ಅಲಗು ನಿಂತಿದ್ದರೆ ಕೈಗೆ ತಿಳಿಯುವುದಿಲ್ಲ ಎನ್ನುವುದನ್ನು ನಾನು ಒಪ್ಪಲಾರೆ.

ಮಧುಗಿರಿ ಬೆಟ್ಟದಡಿ

ಈಳಿಗೆಮಣೆಯ ಹೋಲಿಕೆ ಮನಸ್ಸಿಗೆ ಬಹಳ ಹಿಡಿಸಿತು, ನಮ್ಮ ಮನೆಯಲ್ಲಿ ಈಗಲೂ ಇದೆ.

ಚಿಕ್ಕಪೇಟೆ ಹಳೇ ಟೈಲರ್

ಹುರುಳಿಕಾಯಿ ಪೂರ್ತಿ ತುಂಡಾದರೆ ನಷ್ಟವಿಲ್ಲ ಸ್ವಾಮಿ. ಇಲ್ಲಿ ದಾರ ಮಾತ್ರ ತುಂಡಾಗಬೇಕು, ಅದರ ಎರಡೂ ಪಕ್ಕ ಅರ್ಧ ಮಿಲಿಮೀಟರ್ ದೂರದಲ್ಲಿರುವ ಬಟ್ಟೆ ಉಳಿಯಬೇಕು. ವ್ಯತ್ಯಾಸ ಅಲ್ಲಿದೆ.

ಗೌರಿಬಿದನೂರು ಲೈನ್

ಅಕ್ಕ, ನಾನು ಗಾರ್ಮೆಂಟ್ಸ್‌ನಲ್ಲಿ ಎಂಟು ವರ್ಷ ಕೆಲಸ ಮಾಡಿದ್ದೇನೆ, ಅದರಲ್ಲಿ ಮೂರು ವರ್ಷ ಆಲ್ಟರ್ ಪೀಸುಗಳನ್ನು ಬಿಚ್ಚುವುದೇ ನನ್ನ ಕೆಲಸವಾಗಿತ್ತು. ಚೆಕಿಂಗ್ ಮಾಡುವವರು ತಪ್ಪಿರುವ ಜಾಗಕ್ಕೆ ಬಾಣದ ಗುರುತಿನ ಸ್ಟಿಕ್ಕರ್ ಅಂಟಿಸಿ ಕಳುಹಿಸುತ್ತಿದ್ದರು, ನಾವು ಅಷ್ಟನ್ನು ಬಿಚ್ಚಿ ಮತ್ತೆ ಲೈನಿಗೆ ಕೊಡಬೇಕಾಗಿತ್ತು. ಅಲ್ಲಿ ಬ್ಲೇಡಿಗೆ ಅವಕಾಶವೇ ಇರಲಿಲ್ಲ. ಥ್ರೆಡ್ ಕಟರನ್ನು ಕೂಡ ದಾರದಿಂದ ಮಿಷನ್ನಿಗೆ ಕಟ್ಟಿರುತ್ತಿದ್ದರು. ಸೂಜಿ ಮುರಿದರೆ ಅದರ ಎಲ್ಲ ಚೂರುಗಳನ್ನೂ ಹುಡುಕಿ ಪುಸ್ತಕದಲ್ಲಿ ಬರೆಸಿದ ಮೇಲೆಯೇ ಹೊಸ ಸೂಜಿ ಸಿಗುತ್ತಿತ್ತು, ಏಕೆಂದರೆ ಒಂದು ಚೂರು ಮಗುವಿನ ಬಟ್ಟೆಯಲ್ಲಿ ಉಳಿದುಬಿಟ್ಟರೆ ಏನಾಗಬಹುದು ಎಂದು ನೀವೇ ಯೋಚಿಸಿ.

ಈಗ ವಿಷಯಕ್ಕೆ ಬರುತ್ತೇನೆ. ಯಾವ ಹೊಲಿಗೆ ಎಂದು ತಿಳಿಯದೆ ಯಾವ ಸಾಧನ ಎಂದು ನಿರ್ಧರಿಸಬಾರದು. ಅಕ್ಕಿ ಮೂಟೆಯ ಬಾಯಿಯ ಹೊಲಿಗೆ ಗೊತ್ತಲ್ಲವೇ? ಅದು ಚೈನ್ ಸ್ಟಿಚ್. ಹೊಲಿಗೆ ಮುಗಿದ ತುದಿಯಿಂದ ಸರಿಯಾದ ಎಳೆ ಹಿಡಿದು ಎಳೆದರೆ ಇಡೀ ಸಾಲು ಬಿಚ್ಚಿಹೋಗುತ್ತದೆ, ಅದಕ್ಕೆ ಅಲಗೇ ಬೇಡ. ಬಟ್ಟೆಯ ಅಂಚಿನ ಎಳೆ ಬಿಡದಂತೆ ಹಾಕುವ ಓವರ್‌ಲಾಕಿನಲ್ಲಿ ಸೂಜಿಯ ದಾರವನ್ನು ಹುಡುಕಿ ಎಳೆದು ತೆಗೆದರೆ ಅಂಚಿಗೆ ಸುತ್ತಿಕೊಂಡಿರುವ ಲೂಪರ್ ದಾರಗಳು ತಾವಾಗಿಯೇ ಉದುರುತ್ತವೆ. ನಮ್ಮ ಮನೆಯ ಮಿಷನ್ನು ಹಾಕುವುದು ಲಾಕ್ ಸ್ಟಿಚ್. ಮೇಲಿನ ದಾರವೂ ಕೆಳಗಿನ ಬಾಬಿನ್ ದಾರವೂ ಬಟ್ಟೆಯ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಆದ್ದರಿಂದ ಒಂದು ತುದಿ ಎಳೆದರೆ ಬಿಗಿಯುತ್ತದೆಯೇ ಹೊರತು ಬಿಚ್ಚುವುದಿಲ್ಲ. ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದದ್ದು ಇದೇ ಹೊಲಿಗೆಯ ಯಂತ್ರಕ್ಕೆ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಲಾಕ್ ಸ್ಟಿಚ್ಚನ್ನು ಬಿಚ್ಚಲು ಎರಡು ದಾರಿಗಳಿವೆ. ಮೊದಲನೆಯದು, ಬಾಬಿನ್ ದಾರದ ಕಡೆ ನಾಲ್ಕು ಹೊಲಿಗೆಗೊಂದರಂತೆ ಕೊಯ್ದು, ಬಟ್ಟೆಯನ್ನು ತಿರುಗಿಸಿ ಮೇಲಿನ ದಾರವನ್ನು ಎಳೆಯುವುದು. ನಿಮ್ಮ 1008ಕ್ಕೆ 252 ಕೊಯ್ತ ಸಾಕು. ಎರಡನೆಯದು, ಎರಡು ಪದರಗಳನ್ನು ಅಗಲಿಸಿ, ನಡುವೆ ಏಣಿಯ ಮೆಟ್ಟಿಲಿನಂತೆ ಕಾಣುವ ದಾರಗಳನ್ನು ಒಂದೊಂದಾಗಿ ಕೊಯ್ಯುತ್ತಾ ಹೋಗುವುದು. ಮೇಜಿಗೆ ಕಚ್ಚಿಸಿದ ರಿಪ್ಪರ್ ಈ ಎರಡನೆಯ ದಾರಿಗೆ ಮಾತ್ರ ಹೊಂದುತ್ತದೆ. ಮೊದಲನೆಯದಕ್ಕೆ ಮೊನೆಯನ್ನು ಒಂದು ಹೊಲಿಗೆಯ ಕೆಳಗೆ ನುಸುಳಿಸಬೇಕು, ಅದಕ್ಕೆ ರಿಪ್ಪರ್ ಕೈಯಲ್ಲಿಯೇ ಇರಬೇಕು.

ಶಿರಾಗೇಟ್ ಹೊಲಿಗೆಮನೆ

ತಂಗಿ, ಇದನ್ನು ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ನಾನು ಇಷ್ಟು ವರ್ಷ ಎರಡೂ ದಾರಿಗಳನ್ನು ಬೆರೆಸಿ ಮಾಡುತ್ತಿದ್ದೆ. ರಿಪ್ಪರಿನ ಗಿಡ್ಡ ಕವಲಿನ ತುದಿಯಲ್ಲಿರುವ ಆ ಕೆಂಪು ಗುಂಡು ಯಾವ ಕಡೆ ಇರಬೇಕು ಎನ್ನುವುದನ್ನೂ ಹೇಳಿಬಿಡಿ.

ಗೌರಿಬಿದನೂರು ಲೈನ್

ಪದರಗಳ ನಡುವೆ ಓಡಿಸುವಾಗ ಗುಂಡು ಬಟ್ಟೆಯ ಕಡೆಗಿರಬೇಕು, ಉದ್ದನೆಯ ಮೊನೆ ಮೇಲೆ ಇರಬೇಕು. ಗುಂಡು ಬಟ್ಟೆಯ ಮೇಲೆ ಜಾರಿಕೊಂಡು ಹೋಗುತ್ತದೆ, ಚುಚ್ಚುವುದಿಲ್ಲ. ಹಲವರು ಇದನ್ನು ತಲೆಕೆಳಗಾಗಿ ಹಿಡಿದು, ಬಟ್ಟೆ ಹರಿದ ಮೇಲೆ ರಿಪ್ಪರನ್ನು ಬೈಯುತ್ತಾರೆ.

ಕೋಲಾರ ಕುಚ್ಚು ಫಾಲ್ಸ್

ಇಷ್ಟೆಲ್ಲ ಏಕೆ? ಗಡ್ಡ ಟ್ರಿಮ್ ಮಾಡುವ ಸಣ್ಣ ಮಿಷನ್ನನ್ನು ಪದರಗಳ ನಡುವೆ ಹಿಡಿದರೆ ಕ್ಷಣದಲ್ಲಿ ಬಿಚ್ಚುತ್ತದೆ. ನಾನು ನನ್ನ ಯಜಮಾನರದ್ದನ್ನೇ ತೆಗೆದು ನೋಡಿದ್ದೇನೆ, ಜೀನ್ಸಿಗೆ ಬಹಳ ಚೆನ್ನಾಗಿದೆ.

ಶಿಡ್ಲಘಟ್ಟ ರೇಷ್ಮೆ

ಜೀನ್ಸಿಗೆ ಸರಿ ಇರಬಹುದು, ರೇಷ್ಮೆಗೆ ಖಂಡಿತ ಬೇಡ. ನಮ್ಮ ಮನೆಯವರು ಗೂಡಿನ ವ್ಯಾಪಾರದಲ್ಲಿದ್ದಾರೆ, ನಾನು ಮದುವೆ ರವಿಕೆಗಳನ್ನು ಹೊಲಿಯುತ್ತೇನೆ. ರೇಷ್ಮೆಯ ಎಳೆ ನಯವಾಗಿರುವುದರಿಂದ ನೇಯ್ಗೆಯಲ್ಲಿ ಸುಲಭವಾಗಿ ಸರಿಯುತ್ತದೆ. ಹೊಲಿಗೆಯನ್ನು ಅಗಲಿಸಿ ಎಳೆದರೆ, ದಾರ ತುಂಡಾಗುವ ಮೊದಲೇ ಪಕ್ಕದ ಎಳೆಗಳು ಸರಿದು ಸಾಲುಸಾಲು ಸಂದು ಬೀಳುತ್ತದೆ. ಆಮೇಲೆ ಎಷ್ಟು ಇಸ್ತ್ರಿ ಹಾಕಿದರೂ ಅದು ಪೂರ್ತಿ ಹೋಗುವುದಿಲ್ಲ. ಸೂಜಿಯ ತೂತುಗಳೂ ಹತ್ತಿಯಲ್ಲಿ ಮುಚ್ಚಿಕೊಂಡಂತೆ ರೇಷ್ಮೆಯಲ್ಲಿ ಮುಚ್ಚಿಕೊಳ್ಳುವುದಿಲ್ಲ. ಜರಿ ಅಂಚು ಇದ್ದರಂತೂ ಟ್ರಿಮ್ಮರಿನ ಹಲ್ಲಿಗೆ ಒಂದು ಜರಿ ಎಳೆ ಸಿಕ್ಕಿದರೆ ಸಾಕು, ಅಂಗುಲಗಟ್ಟಲೆ ಸುಕ್ಕು ಹಿಡಿಯುತ್ತದೆ. ರೇಷ್ಮೆಗೆ ನಾಲ್ಕು ಹೊಲಿಗೆಗೊಂದು ಕೊಯ್ಯುವ ದಾರಿಯೇ ಸರಿ, ಅದೂ ಬಟ್ಟೆಯನ್ನು ಎಳೆಯದೆ.

ಕೋಲಾರ ಕುಚ್ಚು ಫಾಲ್ಸ್

ರೇಷ್ಮೆಗೆ ಬೇಡ ಎನ್ನುವುದನ್ನು ಒಪ್ಪುತ್ತೇನೆ, ನಾನು ಅದನ್ನು ಹೇಳಬೇಕಾಗಿತ್ತು. ಫಾಲ್ಸ್ ಬಿಚ್ಚುವಾಗಲೂ ನಾನು ಸೂಜಿಯ ತುದಿಯಿಂದ ದಾರ ಎತ್ತಿಯೇ ಕತ್ತರಿಸುವುದು.

ಚಿಕ್ಕಪೇಟೆ ಹಳೇ ಟೈಲರ್

ಶಿಡ್ಲಘಟ್ಟದ ಅಮ್ಮನವರು ನಾನು ಹೇಳಬೇಕೆಂದಿದ್ದನ್ನೇ ಹೇಳಿದರು. ಅದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಿ. ಕ್ರಾಸ್ ಕಟ್ ರವಿಕೆಯ ಮುಂಭಾಗ, ಕತ್ತಿನ ಪೈಪಿಂಗ್, ಇವೆಲ್ಲ ಓರೆಯಾಗಿ ಕತ್ತರಿಸಿದ ಬಟ್ಟೆ. ಓರೆ ಬಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಎಳೆದರೆ ಅಲ್ಲಿಯೇ ಅರ್ಧ ಅಂಗುಲ ಹಿಗ್ಗುತ್ತದೆ. ಮತ್ತೆ ಹೊಲಿದಾಗ ಕತ್ತು ಎದ್ದು ನಿಲ್ಲುತ್ತದೆ. ಗಿರಾಕಿ ಹೊಲಿಗೆ ಸರಿಯಿಲ್ಲ ಎನ್ನುತ್ತಾರೆ, ಕೆಟ್ಟದ್ದು ಮಾತ್ರ ಬಿಚ್ಚುವಾಗ.

ಗುಬ್ಬಿ ಬಡಗಿ

ಸಾಧನ ಕೊಳ್ಳುವ ಅಗತ್ಯವಿಲ್ಲ, ಮಾಡಿಕೊಳ್ಳಬಹುದು. ನನ್ನ ಹೆಂಡತಿಗೆ ಮಾಡಿಕೊಟ್ಟದ್ದನ್ನು ಹೇಳುತ್ತೇನೆ. ಮೂರು ಅಂಗುಲ ಉದ್ದದ ಬೇವಿನ ತುಂಡಿಗೆ ರಿಪ್ಪರಿನ ಹಿಡಿ ಬಿಗಿಯಾಗಿ ಕೂರುವಷ್ಟು ತೂತು ಕೊರೆದೆ. ತೂತನ್ನು ನೇರವಾಗಿ ಕೊರೆಯದೆ, ಕುಳಿತವರಿಂದ ಆಚೆಗೆ ಸ್ವಲ್ಪ ಓರೆಯಾಗಿ ಕೊರೆದೆ. ತುಂಡನ್ನು ಮೇಜಿನ ಅಂಚಿಗೆ ಕಬ್ಬಿಣದ ಸಿ ಕ್ಲ್ಯಾಂಪಿನಿಂದ ಬಿಗಿದೆ. ರಿಪ್ಪರಿನ ಬಾಯಿ ಕುಳಿತವರ ಕಡೆಗಲ್ಲ, ಆಚೆಗೆ ಇರಬೇಕು. ಹಾಗಿದ್ದಾಗ ಬಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡಂತೆ ದಾರ ಬಾಯಿಗೆ ಬೀಳುತ್ತದೆ. ಕೈ ಜಾರಿದರೂ ಅಲಗಿನಿಂದ ದೂರ, ಎದೆಯ ಕಡೆಗೆ ಬರುತ್ತದೆ.

ಮೊದಲ ಸಲ ಬಾಯಿಯನ್ನು ಅವಳ ಕಡೆಗೇ ಇಟ್ಟಿದ್ದೆ. ಬಟ್ಟೆಯನ್ನು ಆಚೆಗೆ ದಬ್ಬಬೇಕಾಗಿತ್ತು, ಬಟ್ಟೆ ಸುಕ್ಕಾಗಿ ಮಡಿಕೆಯೇ ಬಾಯಿಗೆ ಹೋಯಿತು. ಹಳೆಯ ದಿಂಬಿನ ಚೀಲವಾದ್ದರಿಂದ ನಷ್ಟವಾಗಲಿಲ್ಲ. ಮಕ್ಕಳಿರುವ ಮನೆಯಲ್ಲಿ ಕೆಲಸ ಮುಗಿದ ತಕ್ಷಣ ಮೊನೆಗೆ ಸೀಸೆಯ ಬಿರಡೆಯನ್ನು ಚುಚ್ಚಿಡಲೇಬೇಕು. ಅದರ ಮೇಲೆ ಬಗ್ಗಿ ನೋಡುವ ಅಭ್ಯಾಸವೂ ಬೇಡ, ಮೊನೆ ಎದೆಯ ಮಟ್ಟಕ್ಕಿಂತ ಕೆಳಗಿರಲಿ.

ಮಧುಗಿರಿ ಬೆಟ್ಟದಡಿ

ಅಣ್ಣ, ಬೇವಿನ ತುಂಡೇ ಏಕೆ? ಬೇರೆ ಮರ ಆಗುವುದಿಲ್ಲವೇ?

ಗುಬ್ಬಿ ಬಡಗಿ

ಯಾವ ಗಟ್ಟಿ ಮರವಾದರೂ ಆಗುತ್ತದೆ ತಂಗಿ, ಆ ದಿನ ಕೈಗೆ ಸಿಕ್ಕಿದ್ದು ಬೇವು. ಪ್ಲೈವುಡ್ ಬೇಡ, ತೂತು ಬೇಗ ಸಡಿಲವಾಗುತ್ತದೆ.

ಕುಣಿಗಲ್ ಫಿಸಿಯೋ

ಮೊದಲ ಪ್ರಶ್ನೆಯಲ್ಲಿದ್ದ ಹೆಬ್ಬೆರಳಿನ ವಿಷಯವನ್ನು ಯಾರೂ ಮಾತನಾಡುತ್ತಿಲ್ಲ. ಅಕ್ಕನವರೇ, ನೋವು ಎಲ್ಲಿದೆ? ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಹೊರ ಅಂಚಿನವರೆಗೆ ಇದೆಯೇ? ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡು ಮಣಿಕಟ್ಟನ್ನು ನಿಧಾನವಾಗಿ ಕಿರುಬೆರಳಿನ ಕಡೆಗೆ ಬಾಗಿಸಿದಾಗ ಚುಚ್ಚಿದಂತೆ ನೋವಾಗುತ್ತದೆಯೇ? ಹಾಗಿದ್ದರೆ ಅದು ಡಿ ಕ್ವರ್ವೇನ್ ಎಂಬ ತೊಂದರೆ ಇರಬಹುದು. ಸ್ವಿಸ್ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವರ್ವೇನ್ 1895ರಲ್ಲಿ ಇದನ್ನು ವಿವರಿಸಿದರು. ಹೆಬ್ಬೆರಳನ್ನು ಆಡಿಸುವ ಸ್ನಾಯುರಜ್ಜುಗಳು ಮಣಿಕಟ್ಟಿನ ಬಳಿ ಒಂದು ಕಿರಿದಾದ ಕವಚದ ಮೂಲಕ ಹಾದುಹೋಗುತ್ತವೆ. ಚಿವುಟಿ ಹಿಡಿದು ಮಣಿಕಟ್ಟನ್ನು ತಿರುಗಿಸುವ ಕೆಲಸವನ್ನೇ ಮತ್ತೆ ಮತ್ತೆ ಮಾಡಿದಾಗ ಆ ಕವಚ ದಪ್ಪವಾಗಿ ಊದಿಕೊಳ್ಳುತ್ತದೆ.

ಅರ್ಧ ಬ್ಲೇಡನ್ನು ಹಿಡಿಯುವ ರೀತಿ ನೋಡಿ: ವಸ್ತು ತೆಳುವಾದಷ್ಟೂ ಚಿವುಟಿ ಹಿಡಿಯುವ ಬಲ ಹೆಚ್ಚಬೇಕು. ಟೈಲರ್ ಮೇಷ್ಟ್ರಿಗೆ ನಲವತ್ತು ವರ್ಷ ಏನೂ ಆಗಿಲ್ಲವೆಂದರೆ ಸಂತೋಷ, ಎಲ್ಲರ ಕೈಯೂ ಹಾಗಿರುವುದಿಲ್ಲ. ಅಲಗು ಮೇಜಿನಲ್ಲಿ ನಿಂತರೆ ಆ ಚಿವುಟು ತಪ್ಪುತ್ತದೆ, ಆದರೆ ಬಟ್ಟೆಯನ್ನು ಅಗಲಿಸುವಾಗ ಎರಡೂ ಹೆಬ್ಬೆರಳಿಗೆ ಮತ್ತೆ ಅದೇ ಕೆಲಸ ಬೀಳಬಾರದು. ಬಟ್ಟೆಯ ಅಂಚನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚಿವುಟದೆ, ಮುಷ್ಟಿಯೊಳಗೆ ಸುತ್ತಿಕೊಂಡು ಹಿಡಿಯಿರಿ. ವೈದ್ಯರಿಗೆ ತೋರಿಸುವುದನ್ನು ಮುಂದೂಡಬೇಡಿ.

ಶಿರಾಗೇಟ್ ಹೊಲಿಗೆಮನೆ

ನೀವು ಹೇಳಿದಂತೆ ಮುಷ್ಟಿ ಮಾಡಿ ನೋಡಿದೆ, ಕಣ್ಣಲ್ಲಿ ನೀರು ಬಂತು. ಮುದ್ದೆ ತಿರುವುವ ಕೋಲನ್ನು ಬಿಗಿಯಾಗಿ ಹಿಡಿಯಲು ಏಕೆ ಆಗುತ್ತಿಲ್ಲ ಎಂದು ಈಗ ತಿಳಿಯಿತು. ಸೋಮವಾರ ಆಸ್ಪತ್ರೆಗೆ ಹೋಗುತ್ತೇನೆ.

ಚಿಕ್ಕಪೇಟೆ ಹಳೇ ಟೈಲರ್

ಹೋಗಿ ಬನ್ನಿ ತಾಯಿ. ನಾನು ಬ್ಲೇಡಿನ ಪರವಾಗಿ ಮಾತನಾಡುತ್ತಾ ನಿಮ್ಮ ಕೈಯ ನೋವನ್ನು ಕೇಳಿಸಿಕೊಳ್ಳಲಿಲ್ಲ, ಅದು ತಪ್ಪಾಯಿತು. ನನ್ನ ಜೊತೆ ಕಲಿತವನೊಬ್ಬ ಕೈಯಲ್ಲಿ ಹಿಡಿತ ಉಳಿಯದೆಯೇ ಐವತ್ತನೆಯ ವಯಸ್ಸಿಗೆ ಮಿಷನ್ನು ಮಾರಿದ. ಆಗ ನಮಗೆ ಅದಕ್ಕೆ ಹೆಸರಿದೆ ಎಂದೂ ಗೊತ್ತಿರಲಿಲ್ಲ.

ಉಡುಪು ವಿನ್ಯಾಸ ವಿದ್ಯಾರ್ಥಿನಿ

ಎಲ್ಲರೂ ಅಲಗನ್ನು ನಿಲ್ಲಿಸುವ ಮಾತನ್ನೇ ಆಡುತ್ತಿದ್ದೀರಿ. ಬಟ್ಟೆಯನ್ನು ನಿಲ್ಲಿಸಿದರೆ ಹೇಗೆ? ಹತ್ತೊಂಬತ್ತನೆಯ ಶತಮಾನದಲ್ಲಿ ಮೇಜಿನ ಅಂಚಿಗೆ ಕಚ್ಚಿಸುವ ಹಕ್ಕಿಯಾಕಾರದ ಹಿಡಿಕೆಗಳಿದ್ದವು. ಬಾಲವನ್ನು ಒತ್ತಿದರೆ ಕೊಕ್ಕು ತೆರೆಯುತ್ತದೆ, ಬಿಟ್ಟರೆ ಬಟ್ಟೆಯನ್ನು ಕಚ್ಚಿಕೊಳ್ಳುತ್ತದೆ. ಅಮೆರಿಕದಲ್ಲಿ 1853ರಲ್ಲಿ ಪೇಟೆಂಟ್ ಪಡೆದ ಹಕ್ಕಿಗಳು ಇಂದಿಗೂ ಹಳೆಯ ವಸ್ತುಗಳ ಸಂಗ್ರಹಗಳಲ್ಲಿವೆ. ಕೈಹೊಲಿಗೆ ಹಾಕುವಾಗ ಬಟ್ಟೆಯನ್ನು ಬಿಗಿಯಾಗಿ ಹಿಡಿದಿಡುವುದು ಅದರ ಕೆಲಸ. ಬಿಚ್ಚುವುದಕ್ಕೂ ಅದೇ ಉಪಾಯ ಒದಗುತ್ತದೆ. ಒಂದು ತುದಿಯನ್ನು ಹಿಡಿಕೆಗೆ ಕೊಟ್ಟರೆ ಎಡಗೈ ಬಟ್ಟೆಯನ್ನು ನೇರವಾಗಿ ಹಿಡಿಯಬಹುದು, ಬಲಗೈಯ ರಿಪ್ಪರ್ ನಾಲ್ಕು ಹೊಲಿಗೆಗೊಂದರಂತೆ ಹೋಗಬಹುದು.

ಚಿಕ್ಕಪೇಟೆ ಹಳೇ ಟೈಲರ್

ಮಗಳೇ, ಅದಕ್ಕೆ ನಮ್ಮಲ್ಲಿ ಕಾಲಿನ ಹೆಬ್ಬೆರಳಿತ್ತು! ನೆಲದ ಮೇಲೆ ಕುಳಿತು, ಬಟ್ಟೆಯ ತುದಿಯನ್ನು ಕಾಲ್ಬೆರಳ ಸಂದಿಗೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಎಳೆದು ಹಿಡಿದು, ಬಲಗೈಯಲ್ಲಿ ಬಿಚ್ಚುವುದನ್ನು ನನ್ನ ಗುರುಗಳು ನನಗೆ ಮೊದಲ ವಾರವೇ ಕಲಿಸಿದ್ದರು. ಕುರ್ಚಿ ಬಂದ ಮೇಲೆ ಅದು ಹೋಯಿತು.

ತಿಪಟೂರು ತೆಂಗು

ಹಾಗಾದರೆ ಮೂಲ ಪ್ರಶ್ನೆ ಯಾವುದು ನಿಲ್ಲಬೇಕು ಎನ್ನುವುದು, ಅಲಗೋ ಬಟ್ಟೆಯೋ. ಇದನ್ನು ಮಾಡಿ ನೋಡಿದವರೇ ಹೇಳಬೇಕು.

ಶಿರಾಗೇಟ್ ಹೊಲಿಗೆಮನೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಆಸ್ಪತ್ರೆಗೆ ಹೋದೆ, ಫಿಸಿಯೋ ಅವರು ಊಹಿಸಿದ ತೊಂದರೆಯೇ. ಹೆಬ್ಬೆರಳು ಆಡದಂತೆ ಪಟ್ಟಿ ಕೊಟ್ಟಿದ್ದಾರೆ. ಮೊದಲ ಎರಡು ವಾರ ಬಿಚ್ಚುವ ಕೆಲಸವನ್ನು ಪೂರ್ತಿ ನಿಲ್ಲಿಸಿದೆ, ಈ ವಾರ ಸ್ವಲ್ಪ ಸ್ವಲ್ಪ ಆರಂಭಿಸಿದ್ದೇನೆ.

ಗುಬ್ಬಿ ಅಣ್ಣನವರ ಮಾತಿನಂತೆ ನಮ್ಮ ಬೀದಿಯ ಬಡಗಿಯೊಬ್ಬರಿಂದ ಮರದ ತುಂಡು ಮಾಡಿಸಿದೆ, ಜೊತೆಗೆ ಒಂದು ದೊಡ್ಡ ಕ್ಲಿಪ್ಪನ್ನು ದಾರದಿಂದ ಮೇಜಿನ ಕಾಲಿಗೆ ಕಟ್ಟಿ ಬಟ್ಟೆ ಹಿಡಿಯಲು ಇಟ್ಟುಕೊಂಡೆ. ಎರಡನ್ನೂ ಬಳಸಿದ್ದೇನೆ. ಸಮವಸ್ತ್ರದ ಪ್ಯಾಂಟಿನ ಕೆಳಮಡಿಕೆ, ಜೀನ್ಸಿನ ಪಕ್ಕ, ಹತ್ತಿಯ ಲೈನಿಂಗ್, ದಿಂಬಿನ ಚೀಲ, ಇವುಗಳಿಗೆ ನಿಂತ ರಿಪ್ಪರ್ ಬಹಳ ಚೆನ್ನಾಗಿದೆ. ಬಟ್ಟೆಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡು ನನ್ನ ಕಡೆಗೆ ತರುತ್ತಿದ್ದರೆ ಒಂದೊಂದೇ ಮೆಟ್ಟಿಲು ಟಕ್ ಟಕ್ ಎಂದು ತುಂಡಾಗುವುದು ಅಂಗೈಗೆ ತಿಳಿಯುತ್ತದೆ. ಆ ಸದ್ದು ನಿಂತು ಬಟ್ಟೆ ಭಾರವಾದಂತೆ ಅನ್ನಿಸಿದರೆ ಮಡಿಕೆ ಬಾಯಿಗೆ ಬಂದಿದೆ ಎಂದರ್ಥ, ತಕ್ಷಣ ನಿಲ್ಲಿಸಬೇಕು. ಟೈಲರ್ ಮೇಷ್ಟ್ರೇ, ಕೈಗೆ ತಿಳಿಯುವುದಿಲ್ಲ ಎಂದಿರಿ, ತಿಳಿಯುತ್ತದೆ. ಆದರೆ ಕಲಿಯಲು ನನಗೆ ನಾಲ್ಕು ಹಳೆಯ ದಿಂಬಿನ ಚೀಲಗಳು ಬೇಕಾದವು.

ರೇಷ್ಮೆ ಮತ್ತು ಕ್ರಾಸ್ ಕಟ್ ವಿಷಯದಲ್ಲಿ ನೀವೂ ಶಿಡ್ಲಘಟ್ಟದವರೂ ಹೇಳಿದ್ದು ಅಕ್ಷರಶಃ ನಿಜ. ಒಂದು ಹಳೆಯ ರೇಷ್ಮೆ ತುಂಡಿನ ಮೇಲೆ ಹೊಲಿದು ಪರೀಕ್ಷಿಸಿದೆ, ಸಂದು ಬಿತ್ತು. ಅವುಗಳಿಗೆ ಕ್ಲಿಪ್ಪಿನಲ್ಲಿ ಬಟ್ಟೆಯ ತುದಿ ಕೊಟ್ಟು, ಎಳೆಯದೆ ನೇರವಾಗಿ ಮಾತ್ರ ಹಿಡಿದು, ಬಾಬಿನ್ ಕಡೆ ನಾಲ್ಕಕ್ಕೊಂದು ಕೊಯ್ಯುತ್ತೇನೆ. ರಿಪ್ಪರಿನ ಹಿಡಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿಕೊಂಡಿದ್ದೇನೆ, ಚಿವುಟುವ ಅಗತ್ಯ ಕಡಿಮೆಯಾಗಿದೆ.

ಗೌರಿಬಿದನೂರು ಲೈನ್

ಬಹಳ ಸಂತೋಷ ಅಕ್ಕ. ಪಾಲಿಯೆಸ್ಟರ್ ದಾರ ಕೊಯ್ದು ಕೊಯ್ದು ರಿಪ್ಪರ್ ಮೊಂಡಾಗುತ್ತದೆ. ದಾರ ತುಂಡಾಗುವ ಮೊದಲು ಜಗ್ಗಿದಂತೆ ಅನ್ನಿಸಿದ ದಿನವೇ ಬದಲಿಸಿ, ಮೊಂಡು ಅಲಗಿಗೆ ಬಲ ಹಾಕುವಾಗಲೇ ಬಟ್ಟೆ ಹರಿಯುವುದು.

ಚಿಕ್ಕಪೇಟೆ ಹಳೇ ಟೈಲರ್

ಆ ಮರದ ತುಂಡಿನ ಅಳತೆಯನ್ನು ಬರೆದು ಹಾಕಿ ತಾಯಿ. ನಮ್ಮ ಅಂಗಡಿಯಲ್ಲಿ ಕಲಿಯುತ್ತಿರುವ ಹುಡುಗನಿಗೆ ಒಂದು ಮಾಡಿಸುತ್ತೇನೆ.

ಗುಬ್ಬಿ ಬಡಗಿ

ಮೂರು ಅಂಗುಲ ಉದ್ದ, ಎರಡು ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪ. ತೂತನ್ನು ರಿಪ್ಪರಿನ ಹಿಡಿಗಿಂತ ಒಂದು ಕೂದಲಷ್ಟು ಚಿಕ್ಕದಾಗಿ ಕೊರೆಸಿ ಮೇಷ್ಟ್ರೇ, ಬಿರಡೆಯನ್ನು ಮರೆಯಬೇಡಿ.